ಫೋರ್‌ಹ್ಯಾಂಡ್ ಬಿಟ್ಟು ನೆಟ್ ಕಡೆ: ಟೆನಿಸ್‌ನ್ಯಾಗ ನನ್ನ ಅನುಭವ

ನಂಗ ಫೋರ್‌ಹ್ಯಾಂಡ್ ಬರಂಗಿಲ್ಲ. ಅಂದ್ರ ಟಿವಿಯೊಳಗ ನೋಡ್ತೀರಲ್ಲ, ಬೇಸ್‌ಲೈನ್ ಅಂದ್ರ ಕೋರ್ಟಿನ ಕಡೀ ಗೀಟಿನ ಹಿಂದ ನಿಂತು ರಾಕೆಟ್ ಕೆಳಗಿಂದ ಮ್ಯಾಲ ಬೀಸಿ ಹೊಡಿತಾರ, ಬಾಲ್ ನೆಟ್ ಮ್ಯಾಲ ಎತ್ತರ ಹೋಗಿ ಗಪ್ಪನ ಒಳಗ ಬೀಳ್ತೈತಿ, ಅಂಥಾ ಟಾಪ್‌ಸ್ಪಿನ್ ಫೋರ್‌ಹ್ಯಾಂಡ್ ನನ್ನ ಕೈಯಾಗ ಇಲ್ಲ, ಇನ್ನ ಮುಂದ ಬರೂದೂ ಇಲ್ಲ. ಆದ್ರೂ ಧಾರವಾಡದಾಗ ನಾವು ಮುಂಜಾನೆ ಆಡೋ ಗುಂಪಿನ್ಯಾಗ ನನ್ನ ಕೂಡ ಸಿಂಗಲ್ಸ್ ಅಂದ್ರ ಭಾಳ ಮಂದಿ "ಇವತ್ತ ಬ್ಯಾಡ್ರಿ ಅಕ್ಕಾರ, ಡಬಲ್ಸ್ ಆಡೂಣು" ಅಂತ ಜಾರ್ಕೋತಾರ. ಅದು ಹೆಂಗಾತು ಅಂತ ಒಬ್ರಿಲ್ಲ ಒಬ್ರು ಕೇಳ್ತಿರ್ತಾರ, ಬಾಯಿಲೆ ಹೇಳಾಕ ಹೋದ್ರ ಅರ್ಧಾ ಬಿಟ್ಟು ಹೋಗ್ತೈತಿ, ಅದಕ ಕುಂತು ಬರದೀನಿ. ನಾ ಟೂರ್ನಮೆಂಟ್ ಪ್ಲೇಯರ್ ಏನಲ್ಲ, ಹೈಸ್ಕೂಲಿನ್ಯಾಗ ಗಣಿತ ಹೇಳ್ತೀನಿ, ಮೂವತ್ತು ದಾಟಿದ ಮ್ಯಾಲ ಟೆನಿಸ್ ರಾಕೆಟ್ ಹಿಡದಾಕಿ. ಆ ಲೆಕ್ಕದಾಗ ಓದ್ರಿ.

ನಮ್ಮೂರು ಗದಗ-ಬೆಟಗೇರಿ. ಸಾಲಿಯೊಳಗ, ಆಮ್ಯಾಲ ಕಾಲೇಜಿನ್ಯಾಗ ನಾ ಆಡಿದ್ದು ಬಾಲ್ ಬ್ಯಾಡ್ಮಿಂಟನ್. ಈಗಿನ ಹುಡುಗರಿಗೆ ಹೇಳಿದ್ರ ಷಟಲ್ ಅಂತ ತಿಳಕೋತಾರ. ಇದು ಬ್ಯಾರೆ ಆಟ. ಹಳದಿ ಉಲ್ಲನ್ ಚೆಂಡು, ಬಯಲಾಗ ಆಡೂದು, ಒಂದೊಂದು ಕಡೆ ಐದೈದು ಮಂದಿ, 24 ಮೀಟರ್ ಉದ್ದ 12 ಮೀಟರ್ ಅಗಲದ ಕೋರ್ಟ್, ನೆಟ್ ಒಂದು ಆಳಿನಷ್ಟು ಎತ್ತರ. ಚೆಂಡು ನೆಲಕ್ಕ ತಾಗ್ತು ಅಂದ್ರ ಪಾಯಿಂಟ್ ಹೋತು, ಪುಟ ಎದ್ದ ಮ್ಯಾಲ ಹೊಡಿಯೂದು ಅನ್ನೂದ ಆ ಆಟದಾಗ ಇಲ್ಲ. ನಾ ಫ್ರಂಟ್ ಆಡ್ತಿದ್ದೆ, ಅಂದ್ರ ನೆಟ್ ಬಾಜೂಕ. ಅಲ್ಲಿ ಎದುರಿನವ್ರು ಸ್ಮ್ಯಾಶ್ ಬಿಟ್ರ ಕಣ್ಣು ಮುಚ್ಚಿ ತೆರಿಯೂದ್ರೊಳಗ ಚೆಂಡು ನಿಮ್ಮ ಹೊಟ್ಟಿ ಮುಂದ ಇರ್ತೈತಿ, ರಾಕೆಟ್ ಹಿಂದ ಒಯ್ಯಾಕ ಟೈಮೇ ಸಿಗಂಗಿಲ್ಲ, ಇದ್ದಲ್ಲೇ ರಾಕೆಟ್ ಅಡ್ಡ ಹಿಡದು ಚೂರು ಕಟ್ ಮಾಡಿ ಖಾಲಿ ಜಾಗಾಕ್ಕ ಬಿಡಬೇಕು. ಹತ್ತು-ಹನ್ನೆರಡು ವರ್ಷ ಅದನ್ನ ಮಾಡಿದ ಕೈಗೆ ಗಾಳ್ಯಾಗ ಬಂದ ಚೆಂಡು ಅಂದ್ರ ಅಂಜಿಕಿ ಇರಂಗಿಲ್ಲ. ನೆಲಕ್ಕ ಬಿದ್ದು ಎದ್ದ ಚೆಂಡು ಅಂದ್ರ ಮಾತ್ರ ಅದಕ್ಕ ಅಪರಿಚಿತ. ನನ್ನ ಟೆನಿಸಿನ ಕತಿ ಎಲ್ಲಾ ಇಷ್ಟರಾಗ ಐತಿ ನೋಡ್ರಿ, ಆದ್ರ ಇಷ್ಟು ಗೊತ್ತಾಗಾಕ ಭಾಳ ದಿನ ಹಿಡೀತು.

ಕೆಲಸಕ್ಕಂತ ಧಾರವಾಡಕ್ಕ ಬಂದಾಗ ಇಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಾಕ ಐದು ಮಂದಿ ಕೂಡೂದ ಕಷ್ಟ ಆತು, ಟೆನಿಸ್ ಆದ್ರ ಇಬ್ರು ಸಾಕು, ಅಂತ ಶುರು ಮಾಡಿದ್ದು. ರೈಲ್ವೆದಾಗ ಕೆಲಸ ಮಾಡಿ ರಿಟೈರ್ ಆದ ಒಬ್ರು ಸರ್ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿಗೆ ಬಂದು ಸಣ್ಣ ಹುಡುಗರಿಗೆ ಕಲಸ್ತಿದ್ರು, ಅವರ ಕಡೆನ ಹೋದೆ. ಹುಡುಗರ ಸಾಲಿನ್ಯಾಗ ನಾನೂ ನಿಂತು ಸೆಮಿ ವೆಸ್ಟರ್ನ್ ಗ್ರಿಪ್ (ಟಾಪ್‌ಸ್ಪಿನ್ ಹೊಡಿಯಾಕ ರಾಕೆಟ್ ಹಿಡಿಯೂ ರೀತಿ), ಭುಜ ತಿರುಗಿಸು, ಕೆಳಗಿಂದ ಮ್ಯಾಲ ಬೀಸು, ಎಲ್ಲಾ ಮಾಡಿದೆ. ಅವರು ಕಲಿಸಿದ್ದು ತಪ್ಪೇನಿಲ್ಲ ಮತ್ತ. ಟಾಪ್‌ಸ್ಪಿನ್ ಇದ್ರ ಬಾಲ್ ಮುಂದಕ್ಕ ಉರುಳ್ಕೋತ ಹೋಗ್ತೈತಿ, ಗಾಳಿ ಅದನ್ನ ಕೆಳಗ ಒತ್ತತೈತಿ, ಹಂಗಾಗಿ ಎಷ್ಟ ಜೋರು ಹೊಡದ್ರೂ ಲೈನ್ ಒಳಗ ಬೀಳ್ತೈತಿ, ಎಂಟು ವರ್ಷದ ಹುಡುಗ ಇದನ್ನ ಕಲತ್ರ ಇಪ್ಪತ್ತಕ್ಕ ಅದು ಅಂವನ ಮೈಯಾಗ ಕೂತಿರ್ತೈತಿ. ನಂದು ಹಂಗಲ್ಲ. ಸರ್ ಬುಟ್ಟಿಯೊಳಗಿನ ಬಾಲ್ ಒಂದೊಂದ ಎಸದ್ರ ಚೊಲೊನ ಹೊಡಿತಿದ್ದೆ. ಮ್ಯಾಚ್‌ನ್ಯಾಗ 30-40 ಆತು, ಇನ್ನೊಂದು ಪಾಯಿಂಟಿಗೆ ಗೇಮ್ ಹೋಗ್ತೈತಿ ಅಂದ್ರ ಮುಗೀತು, ಕೈ ತಾನ ರಾಕೆಟ್ ತೆರೆದು ಕಟ್ ಮಾಡಿಬಿಡ್ತಿತ್ತು, ಕಾಲು ತಾನ ಮುಂದ ಓಡ್ತಿದ್ದವು. ಸರ್ ಬೈತಿದ್ರು. "ಮತ್ತ ಬ್ಯಾಡ್ಮಿಂಟನ್ ಆಡಾಕತ್ತೀರಿ ನೋಡ್ರಿ ಮೇಡಂ!"

ಆಡಾಕತ್ತೀನಿ, ಖರೆ. ಆದ್ರ ಅದು ಕೆಟ್ಟದೋ ಚೊಲೊನೋ ಅಂತ ಯಾರೂ ಲೆಕ್ಕಾ ಹಾಕಿರಲಿಲ್ಲ. ಗಣಿತದ ಟೀಚರ್ ಅಲ್ಲೇನ್ರಿ, ಲೆಕ್ಕಾ ಹಾಕಿಸಿದೆ. ನಮ್ಮಣ್ಣನ ಮಗಳು ಪಿಯುಸಿ ಓದಾಕ ನನ್ನ ಮನಿಯಾಗ ಇದ್ದಳು, ಅಕಿಗೆ ಒಂದು ರಟ್ಟು, ಹಿಂದಿನ ಬಾಜು ಖಾಲಿ ಇದ್ದ ಹಳೆ ಉತ್ತರಪತ್ರಿಕಿ ಹಾಳಿ, ಒಂದು ಪೆನ್ಸಿಲ್ ಕೊಟ್ಟು ಕೋರ್ಟ್ ಬಾಜೂಕ ಕೂಡಿಸಿದೆ. ಹಾಳಿ ಮ್ಯಾಲ ನಾಕು ಮನಿ: ಹಿಂದ ಗೆದ್ದದ್ದು, ಹಿಂದ ಸೋತದ್ದು, ಮುಂದ ಗೆದ್ದದ್ದು, ಮುಂದ ಸೋತದ್ದು. ಹಿಂದ ಅಂದ್ರ ಬೇಸ್‌ಲೈನ್, ಮುಂದ ಅಂದ್ರ ಸರ್ವಿಸ್ ಲೈನ್ (ಬೇಸ್‌ಲೈನಿಗೂ ನೆಟ್ಟಿಗೂ ನಡುವಿನ ಅಡ್ಡ ಗೀಟು) ದಾಟಿ ನೆಟ್ ಕಡೆ. ಪಾಯಿಂಟ್ ಮುಗಿದಾಗ ನಾ ಎಲ್ಲಿ ನಿಂತಿದ್ದೆ, ಯಾರು ತಗೊಂಡ್ರು, ಅಷ್ಟ. ನಾಕು ಗೀಟು ಉದ್ದ, ಐದನೇದು ಅಡ್ಡ. ಯಾವ ಶಾಟ್, ಯಾಕ ತಪ್ತು, ಅದೆಲ್ಲಾ ಬರ್ಯಾಕ ಹೇಳಿದ್ರ ಅಕಿ ಎರಡನೇ ದಿನನ ಬರತಿರಲಿಲ್ಲ.

ಎಷ್ಟೋ ಮ್ಯಾಚಿನ ಹಾಳಿ ಕೂಡಿದ ಮ್ಯಾಲ ನೋಡಿದ್ರ ಕಣ್ಣಿಗೆ ಹೊಡಿಯೂ ಹಂಗಿತ್ತು. ಹಿಂದ ಸೋತ ಮನಿ ಗೀಟಿನಿಂದ ಕರ್ರಗಾಗಿತ್ತು. ಹಿಂದ ಗೆದ್ದ ಮನಿಯಾಗ ಇದ್ದದ್ದೂ ಎದುರಿನವ್ರು ತಾವ ನೆಟ್ಟಿಗೆ ಹೊಡದು ಕೊಟ್ಟ ಪಾಯಿಂಟ್ ಹೆಚ್ಚು. ಮುಂದ ಗೆದ್ದದ್ದು ಮುಂದ ಸೋತದ್ದಕ್ಕಿಂತ ಸಲೀಸಾಗಿ ಹೆಚ್ಚಿತ್ತು, ಆದ್ರ ಅಸಲಿ ವಿಷಯ ಏನಂದ್ರ ಮುಂದಿನ ಎರಡೂ ಮನಿ ಕೂಡಿಸಿದ್ರೂ ಒಟ್ಟು ಪಾಯಿಂಟಿನ್ಯಾಗ ಸಣ್ಣ ಪಾಲು. ನಾ ಗೆಲ್ಲೂ ಜಾಗಾಕ್ಕ ನಾ ಹೋಗೂದ ಕಡಿಮಿ ಇತ್ತು! ನಮ್ಮ ಹುಡುಗಿ ಬ್ಯಾರೆ ಮಾತಿನ್ಯಾಗ ಹೇಳಿದಳು: "ಅತ್ತಿ, ನೀ ಹಿಂದ ನಿಂತಾಗ ಆಟ ಆಡಾಕತ್ತಂಗ ಕಾಣಂಗಿಲ್ಲ, ಪರೀಕ್ಷಾ ಬರ್ಯಾಕತ್ತಂಗ ಕಾಣ್ತಿ."

ಆವಾಗಿಂದ ನನ್ನ ಪ್ರಶ್ನಿ ಬದಲಾತು. ಫೋರ್‌ಹ್ಯಾಂಡ್ ಹೆಂಗ ಸುಧಾರಿಸೂದು ಅನ್ನೂದು ಬಿಟ್ಟು, ಪ್ರತಿ ಪಾಯಿಂಟಿನ್ಯಾಗ ಆದಷ್ಟು ಲಗೂ ನೆಟ್ ಹತ್ರ ಹೆಂಗ ಮುಟ್ಟೂದು, ಮುಟ್ಟೂದಕ್ಕಿಂತ ಮೊದಲ ಸಾಯದಂಗ ಹೆಂಗ ಇರೂದು. ಸರ್ವ್, ರಿಟರ್ನ್, ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ (ರಾಕೆಟ್ ಹಿಡದ ಕೈಯ ಆಚೆ ಬಾಜೂಕ ಬಂದ ಬಾಲ್ ಹೊಡಿಯೂದು), ಎಲ್ಲಾ ಈ ಒಂದು ಕೆಲಸಕ್ಕ ಆಳು. ಸ್ಟೈಲ್ ಅನ್ನೂದು ಇದ ಅಂತ ನಂಗ ಅನಸ್ತೈತಿ. ಯಾವ ಶಾಟ್ ಚಂದ ಐತಿ ಅಂತಲ್ಲ, ನಿಮಗ ಬೇಕಾದ ಬಾಲ್ ನಿಮಗ ಬೇಕಾದ ಜಾಗಾದಾಗ ಬರೂ ಹಂಗ ಉಳಿದದ್ದನ್ನೆಲ್ಲಾ ಜೋಡಸೂದು.

ಒಂದು ಮಾತ ಇಲ್ಲಿ ಹೇಳಲೇಬೇಕು. ಇದ್ದ ಶಕ್ತಿ ಇದ್ದಂಗ ಟೆನಿಸಿಗೆ ಬರಂಗಿಲ್ಲ. ಬಾಲ್ ಬ್ಯಾಡ್ಮಿಂಟನ್ ಚೆಂಡು 27ರಿಂದ 30 ಗ್ರಾಂ, ಟೆನಿಸ್ ಬಾಲ್ 56ರಿಂದ 59.4 ಗ್ರಾಂ, ಹೆಚ್ಚು ಕಡಿಮಿ ಎರಡು ಪಟ್ಟು. ಅಲ್ಲಿ ಎಲ್ಲಾ ಮಣಿಕಟ್ಟಿನ ಆಟ. ಇಲ್ಲಿ ಜೋರಾಗಿ ಬಂದ ಬಾಲಿಗೆ ಮಣಿಕಟ್ಟು ಸಡಿಲ ಬಿಟ್ರ ರಾಕೆಟ್ ಹಿಂದಕ್ಕ ಹೊಳ್ಳತೈತಿ, ಬಾಲ್ ಆಕಾಶಕ್ಕ ಹೋಗ್ತೈತಿ, ಮರುದಿನ ಮೊಣಕೈ ನೋಯ್ತೈತಿ. ಕಣ್ಣು ಬಂತು, ಕಾಲು ಬಂತು, ರಾಕೆಟಿನ ಮುಖ ಎಷ್ಟು ತೆರೀಬೇಕನ್ನೋ ಅಂದಾಜು ಬಂತು. ಮಣಿಕಟ್ಟು ಮಾತ್ರ ಹೊಸದಾಗಿ ಕಲೀಬೇಕಾತು. ಅದಕ್ಕ ನಾ ಮಾಡಿದ್ದು ನಮ್ಮ ಸಾಲಿ ಹಿಂದಿನ ಗ್ವಾಡಿ. ಮಕ್ಕಳು ಮನಿಗೆ ಹೋದ ಮ್ಯಾಲ ಗ್ವಾಡಿಯಿಂದ ನಾಕು ಹೆಜ್ಜಿ ದೂರ ನಿಂತು, ಕಾಂಟಿನೆಂಟಲ್ ಗ್ರಿಪ್ ಹಿಡದು ಬಾಲ್ ನೆಲಕ್ಕ ಬೀಳದಂಗ ಬರೇ ವಾಲಿ. ಮಣಿಕಟ್ಟು ಲಾಕ್, ರಾಕೆಟಿನ ತಲಿ ಮಣಿಕಟ್ಟಿಗಿಂತ ಮ್ಯಾಲ, ಭುಜದಿಂದ ಒಂದು ಗೇಣು ಮುಂದ ತಳ್ಳೂದು, ಹೆಜ್ಜಿ ಇಡೂದು. ಹಿಂದ ಬೀಸಾಕ ಹೋದ್ರ ಗ್ವಾಡಿನ ಶಿಕ್ಷಾ ಕೊಡ್ತೈತಿ, ಯಾಕಂದ್ರ ಅಷ್ಟು ಸನೇಕ ನಿಂತಾಗ ಮುಂದಿನ ಬಾಲ್ ಆಗಲೇ ಬಂದಿರ್ತೈತಿ. ಕಾಂಟಿನೆಂಟಲ್ ಗ್ರಿಪ್ ಅಂದ್ರ ರಾಕೆಟನ್ನ ಸುತ್ತಿಗಿ ಹಿಡದಂಗ ಹಿಡಿಯೂದು, ಸರ್ವ್, ವಾಲಿ, ಸ್ಲೈಸ್ (ಬಾಲ್ ಕಟ್ ಮಾಡಿ ಹೊಡಿಯೂದು), ಸ್ಮ್ಯಾಶ್ ನಾಕಕ್ಕೂ ಇದೊಂದ ಸಾಕು. ಬೇಸ್‌ಲೈನ್ ಆಟದವ್ರು ನೆಟ್ಟಿಗೆ ಬಂದಾಗ ಗ್ರಿಪ್ ಬದಲಾಯಿಸಾಕ ತಡಬಡಾಯಿಸ್ತಾರಲ್ಲ, ನನಗ ಆ ತೊಂದ್ರಿ ಇಲ್ಲ.

ಇನ್ನ ಎರಡನೇದು. ನಾ ಎಡಗೈ. ನಮ್ಮ ಅಮ್ಮಾ ಸಣ್ಣಾಕಿದ್ದಾಗ ಬಡದು ಬಡದು ಊಟ, ಬರಿಯೂದು ಎರಡನ್ನೂ ಬಲಗೈಗೆ ತಂದಳು, ರಾಕೆಟ್ ಮಾತ್ರ ಅಕಿ ಕಣ್ಣಿಗೆ ಬೀಳಲಿಲ್ಲ. ಟೆನಿಸ್ ಆಟಗಾರ ನಡಾಲ್‌ದೂ ಹಂಗ, ಬರಿಯೂದು ಬಲಗೈ, ಟೆನಿಸ್ ಎಡಗೈ, ಆದ್ರ ಅಂವಗ ಯಾರೂ ಬಡದಿಲ್ಲ ಅನಸ್ತೈತಿ. ಇರಲಿ. ಎಡಗೈ ಸರ್ವ್ ಯಾಕ ಕಾಡ್ತೈತಿ ಅಂದ್ರ, ಸ್ಲೈಸ್ ಸರ್ವ್ ಹಾಕಿದ್ರ ಬಾಲ್ ನನ್ನ ಎಡಕ್ಕಿಂದ ಬಲಕ್ಕ ಹೊಳ್ಳತೈತಿ. ಅಡ್ವಾಂಟೇಜ್ ಕೋರ್ಟಿನಿಂದ, ಅಂದ್ರ ನಾ ಎಡಭಾಗದಾಗ ನಿಂತು ಸರ್ವ್ ಮಾಡಿದಾಗ, ಅದು ಬಲಗೈಯವರ ಬ್ಯಾಕ್‌ಹ್ಯಾಂಡಿನಿಂದ ದೂರ ದೂರ ಸರಕೋತ ಹೊರಗ ಹೋಗ್ತೈತಿ, ಅವರು ಡಬಲ್ಸ್ ಲೈನ್ ದಾಟಿ ನಿಂತು ಕೈ ಚಾಚಬೇಕು. ಡ್ಯೂಸ್ ಕೋರ್ಟಿನಿಂದ, ಅಂದ್ರ ಬಲಭಾಗದಿಂದ, ನಡುವಿನ ಟೀ (ನಡುವಿನ ಗೀಟು ಸರ್ವಿಸ್ ಲೈನಿಗೆ ಕೂಡೂ ಜಾಗಾ) ಮ್ಯಾಲ ಹಾಕಿದ್ರ ಅಲ್ಲೂ ಅವರ ಬ್ಯಾಕ್‌ಹ್ಯಾಂಡ.

ಮತ್ತ ಸ್ಕೋರಿನ ಲೆಕ್ಕಾ ನೋಡ್ರಿ, ಇದು ನನಗ ಭಾಳ ಹಿಡಿಸಿದ್ದು. ಗೇಮ್ ಶುರು ಆಗೂದು ಡ್ಯೂಸ್ ಕೋರ್ಟಿನಿಂದ, ಆಮ್ಯಾಲ ಪಾಯಿಂಟಿಗೊಮ್ಮೆ ಬದಲಿ. 15, 30, 40 ಅಂದ್ರ ಒಂದು, ಎರಡು, ಮೂರು ಪಾಯಿಂಟ್, ಹಂಗಾಗಿ 40-30 ಅಂದ್ರ ಐದು ಪಾಯಿಂಟ್ ಮುಗದಾವು, ಆರನೇದು ಅಡ್ವಾಂಟೇಜ್ ಕೋರ್ಟ್. 30-40 ಅದ. ಡ್ಯೂಸ್ (40-40) ಆದ ಮ್ಯಾಲಿನ ಅಡ್ವಾಂಟೇಜ್ ಯಾರದ ಇರಲಿ, ಅದ. 40-0, 0-40 ಆದ್ರೂ ಅದ. 40-15, 15-40 ಎರಡು ಬಿಟ್ರ ಗೇಮ್ ಮುಗಿಸಬಹುದಾದ ಪಾಯಿಂಟ್ ಎಲ್ಲಾ ನನ್ನ ಚೊಲೊ ಸರ್ವ್ ಇರೋ ಬಾಜೂನ ಬರ್ತಾವು. ದೇವರು ಕೊಟ್ಟದ್ದು ಇದು, ಬ್ಯಾಡ ಅನ್ನೂದ್ಯಾಕ.

ಆದ್ರ ನನ್ನ ಸರ್ವಿನ್ಯಾಗ ವೇಗ ಇಲ್ಲ. ಎತ್ತರ ಐದಡಿ ಎರಡಿಂಚು, ಅಷ್ಟರಾಗ ಮ್ಯಾಲಿಂದ ಕೆಳಗ ಬಡದು ಒಳಗ ಹಾಕೂದು ಆಗೂ ಮಾತಲ್ಲ. ಸರ್ ಮೊದಲ ಜೋರು, ಜೋರು ಅಂತ ಹೇಳ್ತಿದ್ರು. ಕಡೀಕ ಇಬ್ರೂ ಕೂಡಿ ತಿಳಕೊಂಡಿದ್ದೇನಂದ್ರ, ಸರ್ವ್ ಮಾಡಿ ನೆಟ್ಟಿಗೆ ಓಡಾಕಿಗೆ ಸಾವಕಾಶ ಸರ್ವ್ ಅನುಕೂಲ. ಬೇಸ್‌ಲೈನಿನಿಂದ ಸರ್ವಿಸ್ ಲೈನ್ 18 ಅಡಿ. ಬಾಲ್ ಗಾಳ್ಯಾಗ ಹೆಚ್ಚು ಹೊತ್ತು ಇದ್ದಷ್ಟೂ ನಾ ಆ 18 ಅಡಿ ದಾಟಿ ನಿಲ್ಲಾಕ ಟೈಮ್ ಸಿಗ್ತೈತಿ. ಸ್ವೀಡನ್ನಿನ ಹಳೇ ಆಟಗಾರ ಸ್ಟೀಫನ್ ಎಡ್ಬರ್ಗ್ ಕಿಕ್ ಸರ್ವ್ ಹಾಕಿ ಮುಂದ ಬರ್ತಿದ್ದದ್ದು ಇದ ಕಾರಣಕ್ಕ, ಎತ್ತರ ಪುಟ ಏಳೂ ಬಾಲ್ ಹಾಕಿ ತಾ ನೆಟ್ಟಿಗೆ ಬಂದು ಕೂಡ್ತಿದ್ದ. ನಂದು ಕಿಕ್ ಅಲ್ಲ ಸ್ಲೈಸ್, ಆದ್ರ ಲೆಕ್ಕಾ ಒಂದ. ವೇಗದ ಹಿಂದ ಬೀಳೂದು ಬಿಟ್ಟು, ಸರ್ವ್ ಬೀಳಬೇಕಾದ ಬಾಕ್ಸಿನ ಹೊರಗಿನ ಮೂಲಿಯಾಗ ಒಂದು ಬಾಲ್ ಡಬ್ಬಿ ಇಟ್ಟು ಅದರ ಸುತ್ತ ಮುತ್ತ ಬೀಳಿಸೂದನ್ನ ಮಾತ್ರ ಪ್ರ್ಯಾಕ್ಟೀಸ್ ಮಾಡಿದೆ.

ಈಗ ಒಂದು ಪಾಯಿಂಟ್ ನಿಧಾನಕ ತೋರಸ್ತೀನಿ. ಅಡ್ವಾಂಟೇಜ್ ಕೋರ್ಟ್, ಎದುರಿಗೆ ಬಲಗೈಯಾಕಿ, ಎರಡೂ ಕೈ ಹಿಡದು ಬ್ಯಾಕ್‌ಹ್ಯಾಂಡ್ ಹೊಡಿಯಾಕಿ. ಸ್ಲೈಸ್ ಸರ್ವ್ ಹೊರಗ ಹಾಕಿದೆ. ಟಾಸ್, ಅಂದ್ರ ಸರ್ವಿಗೆ ಮ್ಯಾಲ ಎಸಿಯೂ ಬಾಲ್, ಚೂರು ಮುಂದ ಎಸದಿರ್ತೀನಿ, ಹಂಗಾಗಿ ಹೊಡದ ಮ್ಯಾಲ ಮೈ ತಾನ ಕೋರ್ಟಿನೊಳಗ ಬೀಳ್ತೈತಿ, ಅದ ಮೊದಲನೇ ಹೆಜ್ಜಿ. ಸೀದಾ ನಡುವ ಓಡಂಗಿಲ್ಲ, ಬಾಲ್ ಹೋದ ದಿಕ್ಕಿಗೆ, ಅಂದ್ರ ಚೂರು ನನ್ನ ಬಲಕ್ಕ ಹೋಗ್ತೀನಿ, ಯಾಕಂದ್ರ ಅಕಿ ಹೊರಗಿದ್ದಾಗ ಲೈನ್ ಗುಂಟ ಬರೂ ಬಾಲೇ ಲಗೂ ಬರ್ತೈತಿ. ಅಕಿ ರಾಕೆಟ್ ಬೀಸಾಕ ಹೊಂಟಳು ಅಂದ ಕೂಡ್ಲೆ ನಾ ಎಲ್ಲೇ ಇರಲಿ ಎರಡೂ ಕಾಲ ಮ್ಯಾಲ ಸಣ್ಣ ಜಿಗದು ನಿಲ್ಲೂದು, ಅದಕ್ಕ ಸ್ಪ್ಲಿಟ್ ಸ್ಟೆಪ್ ಅಂತಾರ. ಓಡೂದ್ರಾಗ ಇದ್ರ ದಿಕ್ಕು ಬದಲಿಸಾಕ ಆಗಂಗಿಲ್ಲ. ಎರಡು ಕೈಯಾಕಿಗೆ ಅಷ್ಟು ದೂರ ಕೈ ಚಾಚಿದಾಗ ಎರಡನೇ ಕೈ ಮುಟ್ಟಂಗಿಲ್ಲ, ಬಾಲ್ ಪುಸಕ್ಕನ ಮ್ಯಾಲೆದ್ದು ಬರ್ತೈತಿ. ಇಲ್ಲಿಗೆ ನನ್ನ ಹಳೇ ಆಟ ಬಂತು. ಅಕಿಯ ಇಡೀ ಕೋರ್ಟ್ ಇನ್ನೊಂದು ಬಾಜು ಖಾಲಿ, ಬ್ಯಾಕ್‌ಹ್ಯಾಂಡ್ ವಾಲಿ ಹಗುರಕ ಅಲ್ಲಿ ಇಟ್ರ ಆತು. ಬಡಿಯೂದು ಬ್ಯಾಡ. ಗದುಗಿನ ಬಯಲಾಗ ಹಳದಿ ಉಲ್ಲನ್ ಚೆಂಡು ಹಾಕ್ತಿದ್ನಲ್ಲ, ಅದ ಕೈ.

ಪ್ರತಿ ಸಲ ಹಿಂಗ ನಡಿಯಂಗಿಲ್ಲ ಬಿಡ್ರಿ, ಕಾಲ ಬುಡಕ್ಕ ಹೊಡಿತಾರ, ಲೈನ್ ಗುಂಟ ಪಾಸ್ ಮಾಡ್ತಾರ, ಅಂದ್ರ ನನ್ನ ಬಾಜೂಕಿಂದ ಬಾಲ್ ದಾಟಸ್ತಾರ. ಆದ್ರ ನಾ ಬಾಲ್ ತಗೊಂಡಾಗ ನೆಟ್ಟಿನಿಂದ ಎಷ್ಟು ಸನೇಕ ಇರ್ತೀನೋ ಅಷ್ಟು ಅವರಿಗೂ ಟೈಮ್ ಕಡಿಮಿ. 78 ಅಡಿ ಉದ್ದದ ಕೋರ್ಟಿನ್ಯಾಗ ಇಬ್ರೂ ಹಿಂದ ನಿಂತು ಆಡಿದ್ರ ನಂಗಿಂತ ಅವರಿಗೆ ಲಾಭ, ಆ ಟೈಮ್ ಕಸಗೊಂಡ್ರ ನನಗ ಲಾಭ. ಕಡಿಮಿ ಟೈಮಿನ್ಯಾಗ ಆಡಿ ರೂಢಿ ಇರೂದು ನನಗ, ಅವರಿಗಲ್ಲ.

ಹಂಗಾದ್ರ ಫೋರ್‌ಹ್ಯಾಂಡ್ ಏನ್ಮಾಡಿದ್ರಿ ಅಂತ ಕೇಳ್ತೀರಿ. ಗೆಲ್ಲೂ ಕೆಲಸದಿಂದ ಅದನ್ನ ಬಿಡಿಸಿದೆ. ಈಗ ಅದರ ಕೆಲಸ ಒಂದ: ಎದುರಿನವ್ರ ಬ್ಯಾಕ್‌ಹ್ಯಾಂಡಿಗೆ ಉದ್ದ, ತಗ್ಗು ಬಾಲ್ ಕಳಸೂದು. ನಾ ಎಡಗೈ ಆಗಿದ್ದಕ್ಕ ನನ್ನ ಕ್ರಾಸ್ ಕೋರ್ಟ್ ಫೋರ್‌ಹ್ಯಾಂಡ್ ಸೀದಾ ಬಲಗೈಯವರ ಬ್ಯಾಕ್‌ಹ್ಯಾಂಡಿಗೆ ಹೋಗ್ತೈತಿ. ಕ್ರಾಸ್ ಹೊಡದ್ರ ಬಾಲ್ ನೆಟ್ಟಿನ ನಡುವ ದಾಟ್ತೈತಿ, ಅಲ್ಲಿ ನೆಟ್ 3 ಅಡಿ, ಕಂಬದ ಹತ್ರ ಮೂರೂವರಿ. ಮ್ಯಾಲ ಕರ್ಣದ ಉದ್ದ ಬ್ಯಾರೆ ಹೆಚ್ಚು, ಸಿಂಗಲ್ಸ್ ಕೋರ್ಟಿನ್ಯಾಗ ಮೂಲಿಯಿಂದ ಮೂಲಿಗೆ ಲೆಕ್ಕಾ ಹಾಕಿದ್ರ 82 ಅಡಿ ದಾಟ್ತೈತಿ, ಒಂಬತ್ತನೇತ್ತೆ ಮಕ್ಕಳಿಗೆ ಪೈಥಾಗೊರಸ್ ಹೇಳೂ ಮುಂದ ಈ ಉದಾಹರಣಿ ಕೊಟ್ಟೇ ಕೊಡ್ತೀನಿ. ಆ ನಾಕು ಅಡಿ, ಆ ಆರು ಇಂಚು ನನ್ನಂಥಾವ್ರಿಗೆ ಭಾಳ ದೊಡ್ಡದು. ಟಾಪ್‌ಸ್ಪಿನ್ ಬಿಟ್ಟು ಫೋರ್‌ಹ್ಯಾಂಡೂ ಸ್ಲೈಸ್ ಹೊಡಿತೀನಿ. ಹಿಂದಕ್ಕ ತಿರುಗೂ ಬಾಲ್ ನೆಲಕ್ಕ ತಾಗಿ ಎತ್ತರ ಏಳಂಗಿಲ್ಲ, ಮೊಣಕಾಲಿಗಿಂತ ಕೆಳಗ ಜಾರ್ಕೋತ ಹೋಗ್ತೈತಿ. ಎರಡು ಕೈ ಬ್ಯಾಕ್‌ಹ್ಯಾಂಡಿನವ್ರು ಅಲ್ಲಿ ಬಗ್ಗಿ ಕೆಳಗಿಂದ ಎತ್ತಬೇಕು, ಎತ್ತಿದ ಬಾಲ್ ನೆಟ್ ಮ್ಯಾಲ ಎತ್ತರ ಬರ್ತೈತಿ, ನಾ ಅಷ್ಟೊತ್ತಿಗೆ ಅಲ್ಲೇ ಇರ್ತೀನಿ. ಸ್ಲೈಸ್ ಸಾವಕಾಶ ಹೋಗೂದ್ರಿಂದ ಮುಂದ ಬರಾಕೂ ಟೈಮ್ ಸಿಗ್ತೈತಿ, ಸರ್ವಿನ ಲೆಕ್ಕಾನ ಇಲ್ಲೂ.

ಫೋರ್‌ಹ್ಯಾಂಡ್ ಸ್ಲೈಸ್ ಅಂದ್ರ ನಗೋರು ಇದ್ದಾರ. ಅವರಿಗೆ ನಾ ತಾತ್ಯಾನಾ ಮರಿಯಾ ಹೆಸರು ಹೇಳ್ತೀನಿ. ಜರ್ಮನಿಯಾಕಿ, ಎರಡು ಮಕ್ಕಳ ತಾಯಿ, ಎರಡೂ ಕಡೆ ಸ್ಲೈಸ್. ಮೊದಲ ಅಕಿ ಬ್ಯಾಕ್‌ಹ್ಯಾಂಡ್ ಎರಡು ಕೈಲೆ ಹೊಡಿತಿದ್ದಳು, ಮೊದಲನೇ ಮಗಳು ಹುಟ್ಟಿದ ಮ್ಯಾಲ ಒಂದು ಕೈಗೆ ಬದಲಿಸಿದಳು, ಯಾರು ಆ ವಯಸ್ಸಿನ್ಯಾಗ ಅಂಥಾ ಧೈರ್ಯ ಮಾಡ್ತಾರ ಹೇಳ್ರಿ. 2022ರಾಗ ವಿಂಬಲ್ಡನ್ ಸೆಮಿಫೈನಲ್ ಮುಟ್ಟಿದಳು. 2025ರಾಗ ಲಂಡನ್ನಿನ ಕ್ವೀನ್ಸ್ ಕ್ಲಬ್‌ನ್ಯಾಗ ಕ್ವಾಲಿಫೈಯರ್ ಆಗಿ (ಅರ್ಹತಾ ಸುತ್ತು ಗೆದ್ದು) ಬಂದು, 37ನೇ ವಯಸ್ಸಿನ್ಯಾಗ, ರೈಬಾಕಿನಾ, ಮ್ಯಾಡಿಸನ್ ಕೀಸ್, ಫೈನಲ್ಲಿನ್ಯಾಗ ಅನಿಸಿಮೋವಾ, ಎಲ್ಲಾ ಬಡದು ಹೊಡಿಯೂ ಮಂದಿನ್ನ ಈ ತಗ್ಗು ಬಾಲಿಲೆ ಸೋಲಿಸಿ ಕಪ್ ತಗೊಂಡಳು. ಹುಲ್ಲಿನ ಕೋರ್ಟಿನ್ಯಾಗ ಸ್ಲೈಸ್ ಇನ್ನೂ ತಗ್ಗು ಜಾರ್ತೈತಿ ಖರೆ, ನಮ್ಮ ಸಿಮೆಂಟ್ ಕೋರ್ಟಿನ್ಯಾಗ ಅಷ್ಟಿಲ್ಲ. ಆದ್ರ ಆ ಮ್ಯಾಚಿನ ತುಣುಕುಗಳನ್ನ ನಾ ಎಷ್ಟು ಸಲ ನೋಡೀನಿ ಅಂತ ಕೇಳಬ್ಯಾಡ್ರಿ.

ನಾ ಈಗಿರೋ ಊರಾಗ ಕಣ್ಣಮುಂದ ಕಂಡದ್ದು ಅಂದ್ರ ಭಾರತದ ಆಟಗಾರ ರಾಮಕುಮಾರ್ ರಾಮನಾಥನ್. 2023ರ ಅಕ್ಟೋಬರಿನ್ಯಾಗ ಧಾರವಾಡಕ್ಕ ಐಟಿಎಫ್ (ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್) ಪುರುಷರ ಟೂರ್ನಮೆಂಟ್ ಬಂದಿತ್ತು, ಕಪ್ ಗೆದ್ದಂವ ಅಂವ. ಎತ್ತರದ ಮನಷ್ಯಾ, ಸರ್ವ್ ಜೋರು, ಸರ್ವಿನ ಹಿಂದ ಮುಂದ ಬರಾಕ ಹಿಂದ ಮುಂದ ನೋಡಂಗಿಲ್ಲ. 2018ರಾಗ ಅಮೆರಿಕಾದ ನ್ಯೂಪೋರ್ಟಿನ್ಯಾಗ ಹುಲ್ಲಿನ ಮ್ಯಾಲ ಎಟಿಪಿ (ಪುರುಷರ ದೊಡ್ಡ ವೃತ್ತಿಪರ ಟೂರ್) ಟೂರ್ನಮೆಂಟಿನ ಫೈನಲ್ ಆಡಿದಂವ. ನನ್ನ ಸರ್ವಿಗೂ ಅಂವನ ಸರ್ವಿಗೂ ಯಾವ ಸಂಬಂಧನೂ ಇಲ್ಲ, ಆದ್ರ ಅಂಥವರನ್ನ ನೋಡೂ ಮುಂದ ಬಾಲ್ ನೋಡಬ್ಯಾಡ್ರಿ, ಕಾಲು ನೋಡ್ರಿ. ಸರ್ವ್ ಮಾಡಿ ಎಷ್ಟನೇ ಹೆಜ್ಜಿಗೆ ನಿಲ್ತಾರ, ನಿಂತಾಗ ಎದುರಿನವನ ರಾಕೆಟ್ ಎಲ್ಲೈತಿ. ಟಿವಿಯೊಳಗ ಇದು ಸರಿ ಕಾಣಂಗಿಲ್ಲ, ಕೋರ್ಟ್ ಬಾಜೂಕ ಕುಂತ್ರ ಕಾಣ್ತೈತಿ.

ರಾಕೆಟ್ ವಿಷಯ ಸ್ವಲ್ಪದಾಗ ಮುಗಸ್ತೀನಿ. ಹುಡುಗರು ಹಾಕಿಸೂ ಪಾಲಿಯೆಸ್ಟರ್ ಸ್ಟ್ರಿಂಗ್ ನನಗ ಉಪಯೋಗ ಇಲ್ಲ, ಅದು ಜೋರು ಬೀಸಿ ಟಾಪ್‌ಸ್ಪಿನ್ ಹೊಡಿಯೋರಿಗೆ, ಮ್ಯಾಲ ಮೊಣಕೈಗೆ ಬಿರುಸು. ಮೆತ್ತನ್ನ ಮಲ್ಟಿಫಿಲಮೆಂಟ್ ಹಾಕಸ್ತೀನಿ, ಬಾಲ್ ಸ್ಟ್ರಿಂಗಿಗೆ ತಾಗಿದ್ದು ಕೈಗೆ ಗೊತ್ತಾಗ್ತೈತಿ. ತೂಕ ಹಿಡಿಕಿ ಕಡೆ ಹೆಚ್ಚಿರೋ ರಾಕೆಟ್ ತಗೊಂಡೀನಿ, ತಲಿ ಹಗುರ ಇದ್ರ ನೆಟ್ ಹತ್ರ ಲಗೂ ತಿರುಗ್ತೈತಿ. ಅಂಗಡಿಯಾಗ ಕೊಡೂ ಮುಂದ ಇದನ್ನ ಹೇಳಂಗಿಲ್ಲ, ಬಣ್ಣ ತೋರಸ್ತಾರ.

ಗಾಳಿ ಬಗ್ಗೆ ಹೇಳದಿದ್ರ ನಮ್ಮ ಕಡಿ ಟೆನಿಸ್ ಹೇಳಿದಂಗಾಗಂಗಿಲ್ಲ. ಆಷಾಢದ ಗಾಳಿ ಗೊತ್ತಲ್ಲ, ಧಾರವಾಡದಾಗ ಜಿಟಿ ಜಿಟಿ ಮಳಿ ಹಿಡದು ಕೋರ್ಟೇ ಬಂದ್ ಇರ್ತಾವು, ಗದುಗಿನ ಕಡೆ ಮಳಿ ಕಡಿಮಿ, ಗಾಳಿ ಮಾತ್ರ ಬಿಡಂಗಿಲ್ಲ, ಸುಮ್ನ ಕಪ್ಪತಗುಡ್ಡದ ಮ್ಯಾಲ ಅಷ್ಟು ಗಾಳಿಯಂತ್ರ ನಿಲ್ಲಿಸಿಲ್ಲ. ಬೇಸಿಗಿ ಮುಗದು ಸೂಟಿಯಾಗ ಊರಿಗೆ ಹೋದಾಗ ಅಲ್ಲಿ ಆಡ್ತೀನಿ, ಎತ್ತರ ಟಾಸ್ ಹಾಕಿ ದೊಡ್ಡ ಸ್ವಿಂಗ್ ಬೀಸೂ ಹುಡುಗರು ಆವಾಗ ಗೊಣಗೂದು ಕೇಳಬೇಕು. ನನ್ನ ಟಾಸ್ ತಗ್ಗು, ಸ್ವಿಂಗ್ ಸಣ್ಣದು, ಬಾಲ್ ಗಾಳ್ಯಾಗ ಆಟ ಆಡೂಕ್ಕಿಂತ ಮೊದಲ ವಾಲಿ ತಗೊಂಡಿರ್ತೀನಿ. ಗಾಳಿ ಎದುರಿಗೆ ಇದ್ದಾಗ ಡ್ರಾಪ್ ಶಾಟ್ (ನೆಟ್ ದಾಟಿದ ಕೂಡ್ಲೆ ಬೀಳೂ ಹಗುರ ಬಾಲ್) ಹಾಕಿದ್ರ ಬಾಲ್ ಅಲ್ಲೇ ಸತ್ತು ಬೀಳ್ತೈತಿ. ಬೆನ್ನಿಗೆ ಇದ್ದಾಗ ಜ್ವಾಕಿ, ಸ್ಲೈಸ್ ತೇಲಿಕೊಂಡು ಲೈನ್ ದಾಟಿಬಿಡ್ತೈತಿ, ಆವಾಗ ನಾ ಬೇಸ್‌ಲೈನಿಗೆ ಗುರಿ ಇಡೂದ ಇಲ್ಲ, ಸರ್ವಿಸ್ ಲೈನ್ ದಾಟಿದ್ರ ಸಾಕು ಅಂತ ಹೊಡಿತೀನಿ, ಉಳಿದದ್ದನ್ನ ಗಾಳಿ ಒಯ್ತೈತಿ.

ಈ ಥರಾ ಆಡಿದ್ರ ಮಂದಿ ಮೆಚ್ಚತಾರ ಅಂತ ತಿಳಕೋಬ್ಯಾಡ್ರಿ. "ಇದೇನು ಆಟರಿ ಅಕ್ಕಾರ, ಒಂದು ರ‍್ಯಾಲಿ ಆಡಾಕ ಬಿಡಂಗಿಲ್ಲ" ಅಂತ ಎದುರಿಗೇ ಅಂದವರಿದ್ದಾರ. ಸರ್ ಸೈತ ಭಾಳ ದಿನ ಒಪ್ಪಲಿಲ್ಲ, ಒಪ್ಪಿದ್ದು ಹಾಳಿ ತೋರಿಸಿದ ಮ್ಯಾಲ. ಆದ್ರ ಅವರು ಒಂದು ಷರತ್ತು ಹಾಕಿದ್ರು, ಅದು ಹಾಕಿದ್ದು ಚೊಲೊ ಆತು: ಸೋಲೂ ಮ್ಯಾಚಿನ್ಯಾಗೂ ಮುಂದ ಬರೂದು ಬಿಡಬಾರದು. ಯಾಕಂದ್ರ ನೆಟ್ಟಿಗೆ ಬಂದು ಪಾಸ್ ಆದ್ರ ಅವಮಾನ ಆದಂಗ ಅನಸ್ತೈತಿ, ಎರಡು ಸಲ ಹಂಗಾತು ಅಂದ್ರ ಕಾಲು ಹಿಂದಕ್ಕ ಎಳೀತಾವು. ಹಿಂದ ನಿಂತು ಸೋತ್ರ ಅಷ್ಟು ಕಣ್ಣಿಗೆ ಕಾಣಂಗಿಲ್ಲ, ಹಂಗಾಗಿ ಅಲ್ಲಿ ಸೋಲೂದು ಸುಖ ಅನಸ್ತೈತಿ. ಹಾಳಿ ಮ್ಯಾಲ ಮಾತ್ರ ಎರಡಕ್ಕೂ ಒಂದೊಂದ ಗೀಟು.

ಇದು ಎಲ್ಲಾರ ಮ್ಯಾಲ ನಡಿಯೂ ಆಟನೂ ಅಲ್ಲ. ನಮ್ಮ ಗುಂಪಿಗೆ ಹೋದ ವರ್ಷದಿಂದ ಒಬ್ಬ ಇಂಜಿನಿಯರಿಂಗ್ ಓದೂ ಹುಡುಗಿ ಬರಾಕತ್ಯಾಳ, ಸಣ್ಣಾಕಿದ್ದಾಗಿಂದ ಕೋಚಿಂಗ್ ಆದಾಕಿ. ಅಕಿ ಕಡೆ ಟಾಪ್‌ಸ್ಪಿನ್ ಲಾಬ್ ಐತಿ, ಲಾಬ್ ಅಂದ್ರ ನೆಟ್ ಹತ್ರ ನಿಂತವರ ತಲಿ ಮ್ಯಾಲಿಂದ ಎತ್ತಿ ಹೊಡಿಯೂ ಬಾಲ್. ಸಾದಾ ಲಾಬ್ ಆದ್ರ ನನಗ ಹಬ್ಬ, ತಲಿ ಮ್ಯಾಲಿನ ಚೆಂಡು ನನ್ನ ಬಾಲ್ ಬ್ಯಾಡ್ಮಿಂಟನ್ ದಿನದ ಊಟ. ಇಕಿದು ತಲಿ ದಾಟಿದ್ದ ಕೂಡ್ಲೆ ಕೆಳಗ ಇಳದು, ಪುಟ ಎದ್ದು ಬೇಲಿ ಕಡೆ ಓಡ್ತೈತಿ, ನನ್ನ ಎತ್ತರಕ್ಕ ಅದು ನಿಲುಕಂಗಿಲ್ಲ. ಮೊದಮೊದಲ 6-1, 6-2 ಹಂಗ ಕೊಟ್ಟಳು. ಕುಂತು ವಿಚಾರ ಮಾಡಿ ಎರಡು ಬದಲಿ ಮಾಡಿದೆ. ಒಂದು, ವಾಲಿ ಆದ ಮ್ಯಾಲ ನೆಟ್ಟಿಗೆ ಮೂಗು ಹಚ್ಚಿ ನಿಲ್ಲೂದು ಬಿಟ್ಟು ಒಂದೆರಡು ಹೆಜ್ಜಿ ಹಿಂದನ ನಿಲ್ಲೂದು, ನೆಟ್ಟಿಗೂ ಸರ್ವಿಸ್ ಲೈನಿಗೂ ಸರಿ ನಡುವ. ಇನ್ನೊಂದು, ಅಪ್ರೋಚ್ ಬಾಲ್ (ನೆಟ್ಟಿಗೆ ಬರೂ ಮುಂದ ಹೊಡಿಯೂ ಬಾಲ್) ಅಕಿ ಫೋರ್‌ಹ್ಯಾಂಡಿಗೆ ಹೋಗೂದನ್ನ ಪೂರ್ತಿ ಬಂದ್ ಮಾಡಿ, ಬ್ಯಾಕ್‌ಹ್ಯಾಂಡಿಗೆ ಮೊಣಕಾಲಿಗಿಂತ ಕೆಳಗ, ಯಾಕಂದ್ರ ಅಷ್ಟು ತಗ್ಗಿನ ಬಾಲಿಗೆ ಕೆಳಗಿಂದ ರಾಕೆಟ್ ಹಾಕಿ ಟಾಪ್‌ಸ್ಪಿನ್ ಲಾಬ್ ಎತ್ತಾಕ ಜಾಗಾನ ಇರಂಗಿಲ್ಲ.

ಲಾಬ್ ಕಡಿಮಿ ಆದವು, ಸ್ಕೋರ್ 6-4 ಕಡೆ ಬಂತು. ಈಗ ಅಕಿ ನಾ ಹಿಂದ ನಿಂತದ್ದನ್ನ ನೋಡಿ ನನ್ನ ಕಾಲ ಬುಡಕ್ಕ ಹೊಡಿಯಾಕ ಶುರು ಮಾಡ್ಯಾಳ, ಶ್ಯಾಣ್ಯಾಕಿ. ನೆಲಕ್ಕ ತಾಗಿದ್ದ ಕೂಡ್ಲೆ ತಗೋಬೇಕು, ಹಾಫ್ ವಾಲಿ, ಅಂದ್ರ ಮತ್ತ ಅದ ನನಗ ಅಪರಿಚಿತ ಪುಟದ ಚೆಂಡು. ಹಂಗಾಗಿ ಈ ಮಳಿಗಾಲ ಸಾಲಿ ವರಾಂಡದ ಗ್ವಾಡಿಗೆ ಬಾಲ್ ತಗ್ಗು ಹೊಡದು, ಮೊಣಕಾಲು ಮಡಚಿ, ಪುಟ ಎದ್ದ ಜಾಗಾದಾಗನ ರಾಕೆಟ್ ಅಡ್ಡ ಹಿಡಿಯೂದು ನಡದೈತಿ, ಪ್ಯೂನ್ ಕಾಕಾ ಸುಣ್ಣ ಬಳದ ಗ್ವಾಡಿ ಅಂತ ದಿನಾ ಒಮ್ಮೆ ಬೈದು ಹೋಗ್ತಾರ.